ನರಿಗೆ ಯಾವ ತೋಟೆ?

ಗಿರಿಯಪ್ಪ ಆ ದಿನ ಹೇಳಿದ್ದು ಒಂದೇ ಒಂದು ಸುಳ್ಳು. ಅದನ್ನೂ ಬೆಳಗಿನ ಚಹಾದಲ್ಲಿ ಖುಬೂಸು ರೊಟ್ಟಿ ಅದ್ದುತ್ತಾ, ಯಾರಿಗೂ ಕೆಡುಕು ಬಯಸದೆ ಹೇಳಿದ್ದ.

“ಊರಲ್ಲಿ ನಾನು ಹೊಡೆದ ನರಿಗೆ ಲೆಕ್ಕ ಉಂಟಾ ಮಾರಾಯ!”

ಲೆಕ್ಕ ನಿಜಕ್ಕೂ ಇರಲಿಲ್ಲ, ಒಂದನ್ನೂ ಹೊಡೆದಿರಲಿಲ್ಲ. ಹೊಡೆಯುತ್ತಿದ್ದವನು ಅವನ ಅಣ್ಣ. ಗಿರಿಯಪ್ಪ ಹಿಂದೆ ನಿಂತು ಟಾರ್ಚು ಹಿಡಿಯುತ್ತಿದ್ದ, ಈಡಿನ ಸದ್ದಿಗೆ ಕಿವಿ ಮುಚ್ಚಿಕೊಳ್ಳಲು ಆ ಟಾರ್ಚನ್ನೂ ಕೆಳಗೆ ಹಾಕುತ್ತಿದ್ದ.

ತೊಂಬತ್ತೈದರ ಚಳಿಗಾಲ. ಕೊಲ್ಲಿ ನಾಡಿನ ಅಲ್ ವಕ್ರಾ ಪಟ್ಟಣದಿಂದ ಆಚೆ, ಮರಳಿನ ನಡುವಿನ ಖರ್ಜೂರದ ಫಾರಂನಲ್ಲಿ ಅವನು ಸ್ಟೋರ್‌ಕೀಪರ್. ಮೂರು ವರ್ಷದ ಮೇಲೆ ರಜೆ ಸಿಕ್ಕಿತ್ತು. ನಾಳೆ ಬೆಳಿಗ್ಗೆ ವಿಮಾನ; ಭಾನುವಾರ ಮಗಳು ಅಮಿತಾಳ ನಿಶ್ಚಿತಾರ್ಥ. ಪಾಸ್‌ಪೋರ್ಟ್ ಮಾತ್ರ ಅರ್ಬಾಬನ ಹತ್ತಿರ ಇತ್ತು. ಅರ್ಬಾಬ್ ಎಂದರೆ ಅವನ ಅರಬಿ ಧಣಿ; ಒಳ್ಳೆಯ ಮನುಷ್ಯ, ಸಂಜೆ ಕೊಡುತ್ತೇನೆ ಎಂದಿದ್ದ.

ಸುಳ್ಳನ್ನು ಕೇಳಿಸಿಕೊಂಡವನು ಡ್ರೈವರ್ ಅಬೂಬಕರ್. ಬಂಟ್ವಾಳದವನು. ಬಾಯಿಗೆ ಬಂದ ಅರಬಿಯನ್ನು ಅಂಜಿಕೆಯಿಲ್ಲದೆ ಆಡುತ್ತಿದ್ದುದರಿಂದ ಫಾರಂನಲ್ಲಿ ಎಲ್ಲರಿಗೂ ಅವನೇ ದುಭಾಷಿ. ಧಣಿಯ ಪ್ರೀತಿಯ ಪಾರಿವಾಳಗಳನ್ನು ವಾರದಿಂದ ಯಾವುದೋ ನರಿ ಹೊತ್ತೊಯ್ಯುತ್ತಿತ್ತು. ಚಹಾದ ಲೋಟ ತೊಳೆಯುವ ಮೊದಲೇ ಸುದ್ದಿ ಧಣಿಗೆ ಮುಟ್ಟಿತು. ಮಧ್ಯಾಹ್ನ ಅವನು ಜೋಡುನಳಿಗೆ ಕೋವಿಯನ್ನೂ ಒಂದು ಡಬ್ಬಿ ತೋಟೆಗಳನ್ನೂ ತಂದು ಗಿರಿಯಪ್ಪನ ಮುಂದಿಟ್ಟ.

“ನರಿಗೆ ಯಾವ ತೋಟೆ ಸರಿ ಅಂತ ಕೇಳ್ತಿದ್ದಾರೆ,” ಅಬೂಬಕರ್ ಹೇಳಿದ. “ಚರ್ಮ ಹಾಳಾಗ್ಬಾರದಂತೆ. ನೆಂಟರು ಕೂರುವ ಮಜ್ಲಿಸಿನ ಗೋಡೆಗೆ ಹಾಕ್ಲಿಕ್ಕೆ ಉಂಟಂತೆ.”

ಡಬ್ಬಿಯಲ್ಲಿ ಮೂರು ಬಗೆ ಇದ್ದವು. ಸಾಸಿವೆಯಂಥ ಚರೆ ತುಂಬಿದ್ದು, ಕಾಳುಮೆಣಸಿನಂಥದು, ಮತ್ತೆ ನೆಲ್ಲಿಕಾಯಿಯಷ್ಟು ದಪ್ಪದ ಒಂಟಿ ಗುಂಡಿನದು.

“ಒಂಟಿ ಗುಂಡೇ ಹಾಕು. ಒಂದೇ ಏಟು, ಖಲಾಸ್!” ಅಂದ ಅಬೂಬಕರ್.

“ಎಂತ ಖಲಾಸ್? ಸಾಸಿವೆಯದ್ದು ಹಾಕಿ. ಹೆದರಿ ಓಡಿಹೋಗ್ಲಿ ಪಾಪ,” ಅಂದಳು ಧಣಿಯ ಮಕ್ಕಳನ್ನು ನೋಡಿಕೊಳ್ಳುವ ಮಟಿಲ್ಡಾ ಬಾಯಿ.

“ಬೇಡ ಬಾಯಮ್ಮ. ಸಣ್ಣದು ತಾಗಿದ್ರೆ ಸಾಯದೆ ನಾಲ್ಕು ದಿನ ನರಳ್ತದೆ ಅಂತ ನನ್ನ ಅಣ್ಣ...” ಗಿರಿಯಪ್ಪ ನಾಲಿಗೆ ಕಚ್ಚಿಕೊಂಡ. ಎಲ್ಲರೂ ಅವನನ್ನೇ ನೋಡುತ್ತಿದ್ದರು. “ಅಂದ್ರೆ... ಒಮ್ಮೆ ಪರೀಕ್ಷೆ ಮಾಡಿ ನೋಡ್ಬೇಕು.”

ಸಮಯ ತಳ್ಳಲೆಂದು ಆಡಿದ ಮಾತು. ಅಬೂಬಕರ್ ಒಂಟಿ ಗುಂಡನ್ನೇ ತುಂಬಿ ಕೈಗಿತ್ತ, ಖಾಲಿ ಎಣ್ಣೆ ಡಬ್ಬಿಯೊಂದನ್ನು ಗುರಿಗಿಟ್ಟ. ಕೋವಿ ಗಿರಿಯಪ್ಪನ ಹೆಗಲಿಗೆ ಎಮ್ಮೆ ಒದ್ದ ಹಾಗೆ ಒದ್ದಿತು. ಡಬ್ಬಿ ಕೂತಲ್ಲೇ ಕೂತಿತ್ತು. ಆದರೆ ಅದರಾಚೆಯ ನೀರಿನ ಟ್ಯಾಂಕು ಒಡೆದು, ಮುಷ್ಟಿ ತೂರುವಷ್ಟು ತೂತು ಬಿದ್ದು, ನೀರು ಧೋ ಎಂದು ಸುರಿಯತೊಡಗಿತು.

ಧಣಿ ತೂತಿನೊಳಗೆ ಕೈ ಹಾಕಿ ನೋಡಿದ. ಅಬೂಬಕರ್ ಓಡಿಹೋಗಿ ಅವನಿಗೇನೋ ಹೇಳಿದ. ಧಣಿ ಮೆಚ್ಚಿ ತಲೆದೂಗಿದ.

“ನೀನು ಬದುಕಿದೆ ಗಿರಿಯಪ್ಪಣ್ಣ,” ಅಬೂಬಕರ್ ಬಂದು ಪಿಸುಗುಟ್ಟಿದ. “ಈ ಗುಂಡಿಗೆ ಚರ್ಮ ಉಳಿಯೂದಿಲ್ಲ ಅಂತ ತೋರಿಸ್ಲಿಕ್ಕೇ ಹೊಡೆದದ್ದು ಅಂತ ಹೇಳಿದೆ.”

ಹೀಗೆ ಕಾಳುಮೆಣಸಿನ ತೋಟೆಯೇ ಸರಿಯೆಂದು ತೀರ್ಮಾನವಾಯಿತು.

ಸಂಜೆಯ ಮಗ್ರಿಬ್ ನಮಾಜು ಮುಗಿದ ಮೇಲೆ ಧಣಿ, ಅಬೂಬಕರ್ ಮತ್ತು ಗಿರಿಯಪ್ಪ ಮೇವಿನ ಕಟ್ಟುಗಳ ಹಿಂದೆ ಕುಳಿತರು. ಬರದಿರಲಿ ದೇವರೇ ಎಂದು ಗಿರಿಯಪ್ಪ ಬೇಡಿಕೊಂಡ. ಆದರೆ ಮಸುಕು ಬೆಳಕಿನಲ್ಲಿ ಅದು ಬಂದೇ ಬಂತು. ಮರಳಿನದೇ ಬಣ್ಣ, ಬಡಕಲು ಮೈ, ಮೈಗೆ ಹೊಂದದ ದೊಡ್ಡ ಕಿವಿ. ಪಾರಿವಾಳದ ಗೂಡಿನ ಕಡೆ ಅದು ತಿರುಗಿಯೂ ನೋಡಲಿಲ್ಲ. ನೇರವಾಗಿ ಒಡೆದ ಟ್ಯಾಂಕಿನ ಕೆಳಗೆ ನಿಂತಿದ್ದ ನೀರಿಗೆ ಹೋಗಿ ಬಾಯಿ ಹಾಕಿತು. ಲಪಲಪ ಸದ್ದು ಇಲ್ಲಿಗೂ ಕೇಳುತ್ತಿತ್ತು.

“ಯಲ್ಲಾ,” ಎಂದ ಧಣಿ, ಹೊಡಿ ಎನ್ನುವಂತೆ, ಉಸಿರಿನಲ್ಲೇ.

ತಲೆಯ ಮೇಲಿನಿಂದ ಹಾರಿಸಿಬಿಡುತ್ತೇನೆ, ಓಡಿಹೋಗಲಿ ಎಂದುಕೊಂಡ ಗಿರಿಯಪ್ಪ. ನಳಿಗೆಯನ್ನು ಮೇಲೆತ್ತಿದ, ಕಣ್ಣು ಮುಚ್ಚಿದ, ಕುದುರೆ ಎಳೆದ.

ಕಣ್ಣು ಬಿಟ್ಟಾಗ ನರಿ ನೀರಿನಲ್ಲಿ ಮೂತಿಯಿಟ್ಟು ಮಲಗಿತ್ತು.

ಅಬೂಬಕರ್ ಕುಣಿದಾಡಿದ. ಧಣಿ ನರಿಯನ್ನು ಹೊರಳಿಸಿ ಹೊರಳಿಸಿ ಚರ್ಮ ನೋಡಿದ; ಕಿವಿಯ ಹಿಂದೆ ಸಣ್ಣ ತೂತು ಬಿಟ್ಟರೆ ಬೇರೇನಿಲ್ಲ. ಸದ್ದು ಕೇಳಿ ಹೊರಬಂದ ಮಟಿಲ್ಡಾ ಬಾಯಿ ಹತ್ತಿರ ಬಂದು ಬಗ್ಗಿದಳು.

“ಇದಾ ಗಿರಿಯಪ್ಪ? ನಮ್ಮ ಮನೆಯ ಬೆಕ್ಕಿನಷ್ಟೂ ಇಲ್ಲ ಇದು.”

ಅವಳು ಬೈದಿದ್ದರೆ ಚೆನ್ನಾಗಿತ್ತು. ಇನ್ನು ಈ ಸುಳ್ಳನ್ನು ಹೊರಲಾರೆ ಎನ್ನಿಸಿ ಗಿರಿಯಪ್ಪ ಅಬೂಬಕರನ ತೋಳು ಹಿಡಿದ.

“ಅವರಿಗೆ ನಿಜ ಹೇಳು. ನನಗೆ ಬೇಟೆ ಗೊತ್ತಿಲ್ಲ. ನಾನು ಕಣ್ಣು ಮುಚ್ಚಿ ಹೊಡೆದದ್ದು. ಹಾಗೇ ಹೇಳು, ನಿನ್ನ ಮಸಾಲೆ ಸೇರಿಸ್ಬೇಡ.”

ಅಬೂಬಕರ್ ತಲೆಯಾಡಿಸಿ, ತನಗೆ ಬರುವಷ್ಟು ಅರಬಿಯಲ್ಲಿ ಹೇಳಿದ. ಧಣಿಯ ಕಣ್ಣರಳಿತು. ಅವನು ಗಿರಿಯಪ್ಪನನ್ನು ಬಾಚಿ ತಬ್ಬಿಕೊಂಡ.

“ಎಂತ ಹೇಳಿದೆ ನೀನು?”

“ನೀನು ಹೇಳಿದ್ದನ್ನೇ ಮಾರಾಯ. ಗಿರಿಯಪ್ಪ ಕಣ್ಣು ಮುಚ್ಚಿ ಹೊಡೀತಾನೆ ಅಂತ.”

ಧಣಿ ಜೇಬಿನಿಂದ ಪಾಸ್‌ಪೋರ್ಟ್ ತೆಗೆದ. ಅದನ್ನೊಮ್ಮೆ, ಗಿರಿಯಪ್ಪನನ್ನೊಮ್ಮೆ ನೋಡಿದ. ಮತ್ತೆ ಜೇಬಿಗೇ ಹಾಕಿಕೊಂಡು ನಗುತ್ತಾ ಏನೋ ಹೇಳಿದ.

“ನಾಳೆ ಮರುಭೂಮಿಗೆ ಹೊರಡೂದಂತೆ,” ಅಬೂಬಕರನ ಮುಖ ಬೆಳಗುತ್ತಿತ್ತು. “ಚಳಿ ಮುಗಿಯುವವರೆಗೆ ಬೇಟೆಯ ಕ್ಯಾಂಪು. ಇಂಥವನನ್ನು ಊರಿಗೆ ಕಳಿಸ್ಲಿಕ್ಕೆ ಆಗ್ತದಾ ಅಂತ ಕೇಳ್ತಿದ್ದಾರೆ. ರಜೆ ಬೇಸಿಗೆಗೆ ಕೊಡ್ತಾರಂತೆ!”

ಆ ರಾತ್ರಿ ಊರಿಗೆ ಫೋನು ಮಾಡಲು ವಕ್ರಾದ ಪೇಟೆಗೆ ಹೋದಾಗ ಹೆಂಡತಿ ಪೂವಕ್ಕನೇ ಎತ್ತಿದಳು.

“ನಾಳೆ ಎಷ್ಟು ಗಂಟೆಗೆ ಇಳೀತೀರಿ? ಪಕ್ಕದ ಮನೆಯ ವಿಕಾಸ ಜೀಪು ತರ್ತಾನಂತೆ.”

“ರಜೆ ಇಲ್ಲ ಪೂವಕ್ಕ. ಕ್ಯಾನ್ಸಲ್ ಆಯ್ತು.”

“ಅಯ್ಯೋ, ಯಾಕೆ?”

“ನಾನು ಒಂದು ನರಿ ಹೊಡೆದೆ.”

ಪೂವಕ್ಕನಿಗೆ ಮೊದಲು ನಗು ಬಂತು. “ನೀವಾ?” ಎಂದಳು. ಆಮೇಲೆ ನಗು ನಿಂತಿತು. “ಯಾಕೆ ಹೊಡೆದ್ರಿ?”

“ನೀರು ಕುಡೀಲಿಕ್ಕೆ ಬಂದಿತ್ತು,” ಎಂದ ಗಿರಿಯಪ್ಪ.

ಅವಳು ಕೇಳಿದ್ದಕ್ಕೆ ಅದು ಉತ್ತರವಲ್ಲ ಎಂಬುದು ಹೇಳಿದ ಮೇಲೆ ಅವನಿಗೇ ಗೊತ್ತಾಯಿತು. ಬೇರೆ ಉತ್ತರ ಹುಡುಕುವಷ್ಟರಲ್ಲಿ ಲೈನು ಕಡಿದುಹೋಯಿತು.