ಬೇರು ಬಂದಿದೆಯಾ ಎಂದು ಕಿತ್ತು ನೋಡಿದ್ದು

ಕೆಟ್ಟಿರುವುದನ್ನು ಬಿಚ್ಚಿ ನೋಡುವ ಚಾಳಿ ಒಮ್ಮೆ ಕೈಗೆ ಹತ್ತಿತೆಂದರೆ, ಕೆಡದಿರುವುದನ್ನೂ ಸುಮ್ಮನೆ ಬಿಡುವುದು ಕಷ್ಟ. ಹೊಸದುರ್ಗದಲ್ಲಿ ಪಂಪ್‌ಸೆಟ್ ಮೋಟರ್ ರಿಪೇರಿ ಮಾಡುವವನು ನಾನು. ಮನೆಯ ಗಡಿಯಾರ, ಮಿಕ್ಸಿ ಎಲ್ಲವನ್ನೂ ಬಿಚ್ಚಿದ್ದೇನೆ. ಕೆಲವು ಮತ್ತೆ ಸೇರಿಯೂ ಇವೆ.

ಹೋದ ವರ್ಷ ನನ್ನ ಹೆಂಡತಿ ಶಿವಮ್ಮ ತೀರಿಕೊಂಡಳು. ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಅವಳದ್ದು ಒಂದೇ ಮಾತು: "ಮಲ್ಲಿಗೆ ಗಿಡಕ್ಕೆ ನೀರು ಹಾಕ್ರಿ." ಹಾಕಿದೆ. ಬೆಳಿಗ್ಗೆ ಹಾಕಿದೆ, ಸಂಜೆ ಹಾಕಿದೆ, ಅವಳು ಹೋದ ಮೇಲೆ ನೆನಪಾದಾಗಲೆಲ್ಲ ಹಾಕಿದೆ. ಬೇರು ಅಂದರೆ ಬಾವಿಯ ತಳದಲ್ಲಿ ನೀರು ಹೀರುವ ಫುಟ್‌ವಾಲ್ವ್, ಕಾಂಡ ಅಂದರೆ ಪೈಪು, ಕೆಳಗೆ ನೀರಿದ್ದರೆ ಮೇಲೇರುತ್ತದೆ ಎಂಬುದು ನನ್ನ ಲೆಕ್ಕ. ಬೇರಿಗೂ ಉಸಿರಾಡಲು ಗಾಳಿ ಬೇಕೆಂದು ನನಗೇನು ಗೊತ್ತು? ಕೆಸರಿನಲ್ಲಿ ಬೇರು ಕೊಳೆತು, ಅಷ್ಟು ನೀರಿನ ನಡುವೆ ಗಿಡ ಬಾಯಾರಿ ಒಣಗಿತು.

ಹಸಿರಾಗಿ ಉಳಿದದ್ದು ಒಂದೇ ರೆಂಬೆ. ಮಾಡದಕೆರೆಯಿಂದ ಬಂದಿದ್ದ ಶಿವಮ್ಮನ ತಂಗಿ ಗಂಗಮ್ಮ ಅದನ್ನು ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಕುಂಡದಲ್ಲಿ ನೆಟ್ಟಳು. "ಈ ಗೆಣ್ಣಲ್ಲೇ ಬೇರು ಬರ್ತಾವೆ ಭಾವ. ಇದೂ ಹೋದ್ರೆ ಅಕ್ಕನ ಗಿಡ ಮುಗೀತು ನೋಡ್ರಿ" ಅಂದಳು. ಪೈಪೇ ತನ್ನ ಫುಟ್‌ವಾಲ್ವನ್ನು ತಾನೇ ಮಾಡಿಕೊಳ್ಳುತ್ತದೆ ಅಂದರೆ ನನ್ನ ಕಸುಬಿನವನು ನಂಬುವುದು ಹೇಗೆ? ಅದೂ ಹೋದೀತೆಂಬ ಭಯ ಬೇರೆ. ದಿನಾ ಬೆಳಿಗ್ಗೆ ಕಡ್ಡಿಯನ್ನು ಮೆಲ್ಲಗೆ ಕಿತ್ತು, ಬುಡ ನೋಡಿ, ಮತ್ತೆ ನೆಡುತ್ತಿದ್ದೆ. ಗಂಗಮ್ಮ ಇನ್ನೊಮ್ಮೆ ಬಂದಾಗ ಕಡ್ಡಿಯ ಸಮೇತ ಸಿಕ್ಕಿಬಿದ್ದೆ.

"ಏನ್ ಭಾವ ಇದು!"

"ಬೇರು ಬಂದೈತಾ ನೋಡ್ತಿದ್ದೆ ಕಣಮ್ಮ."

"ನಮ್ಮಕ್ಕ ಈ ಮನೆಗೆ ಬಂದಾಗ, ಬೇರು ಬಿಟ್ಟಾಳಾ ಅಂತ ಯಾರಾದ್ರೂ ದಿನಾ ಎತ್ತಿ ನೋಡಿದ್ರಾ?"

ಮರುಮಾತಿಗೆ ಕಾಯದೆ ಅವಳು ಕಡ್ಡಿ ನೆಟ್ಟು, ಕುಂಡದ ಸುತ್ತ ಜಾಲಿಮುಳ್ಳು ಸಿಕ್ಕಿಸಿದಳು. "ನಮ್ಮ ಬೀದೀಲಿ ಮೇಕೆ ಇಲ್ವಲ್ಲಮ್ಮ" ಅಂದೆ. "ಮೇಕೆಗಲ್ಲ, ನಿಮಗೆ!" ಅಂದಳು.

ಕೆಲವು ವಾರಗಳಲ್ಲಿ ಚಿಗುರು ಒಡೆಯಿತು. ಫೋನಿನಲ್ಲಿ ಹೇಳಿದರೆ ಗಂಗಮ್ಮ ಹಿಗ್ಗಲಿಲ್ಲ. ಕಾಂಡದಲ್ಲಿ ಕೂಡಿಟ್ಟ ಆಹಾರದಿಂದಲೇ ಎಲೆ ಬರಬಹುದಂತೆ, ಬೇರು ಬಂದಿದೆ ಎಂದು ಈಗಲೇ ನಂಬಬಾರದಂತೆ, ಆದರೂ ಮುಟ್ಟಬಾರದಂತೆ! ಇಂಥ ಮಾತು ಕೇಳಿ ಸುಮ್ಮನಿರಲು ನಾನೇನು ಋಷಿಯೇ? ಮೊನ್ನೆ ಮುಳ್ಳಿನ ಸಂದಿಯಲ್ಲಿ ಬೆರಳು ತೂರಿಸಿ ಮೆಲ್ಲಗೆ ಎಳೆದೆ. ಬರಲಿಲ್ಲ. ಇನ್ನೊಂಚೂರು ಎಳೆದೆ. ಮಣ್ಣನ್ನು ಕಚ್ಚಿ ಹಿಡಿದಿತ್ತು. ಶಿವಮ್ಮ ಹೋದ ಮೇಲೆ ಈ ಮನೆಯಲ್ಲಿ ನನ್ನ ಹಟಕ್ಕೆ ಎದುರು ಹಟ ಹಿಡಿಯುವವರೇ ಇರಲಿಲ್ಲ. ಕಣ್ಣು ತುಂಬಿ ಬಂತು. ಆ ಖುಷಿಯಲ್ಲಿ ತಕ್ಷಣ ಗಂಗಮ್ಮನಿಗೆ ಫೋನ್ ಮಾಡಿ, "ಬೇರು ಬಂದೈತೆ ಕಣಮ್ಮ!" ಎಂದು ಕೂಗಿದೆ.



"ಅಲ್ಲ ಭಾವ, ಅದು ನಿಮಗೆ ಹೆಂಗ್ ಗೊತ್ತಾತು?"