ಸಣ್ಣಪ್ಪನವರ ಹನ್ನೆರಡು ವರ್ಗಗಳು

ಹೊನ್ನಾಳಿಯ ಸರ್ಕಾರಿ ಕಚೇರಿಯೊಂದರ ರೆಕಾರ್ಡ್ ರೂಮಿನಿಂದ ನಿವೃತ್ತರಾದ ಮೇಲೆ ಸಣ್ಣಪ್ಪನವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮೂವತ್ತೆರಡು ವರ್ಷ ಕಡತಗಳಿಗೆ ನಂಬರು ಹಾಕಿದ ಕೈ ಅದು. ಅಡುಗೆಮನೆಯ ಉಪ್ಪಿನ ಡಬ್ಬಿಗೂ ಚೀಟಿ ಅಂಟಿಸಿ, ಮುಂದೇನು ಎಂದು ಚಡಪಡಿಸುತ್ತಿತ್ತು. ಅಷ್ಟರಲ್ಲಿ ಹೆಂಡತಿ ಸಾವಂತ್ರಮ್ಮನವರ ಫೋನು ‘ಜಾಗವಿಲ್ಲ’ ಎಂದು ಮುಷ್ಕರ ಹೂಡಿತು.

ಒಳಗೆ ನೋಡಿದರೆ ಆರು ಸಾವಿರ ಫೋಟೊ, ವಿಡಿಯೊ, ಆಡಿಯೊ! ಹೇಳುವವರಿಲ್ಲ, ಕೇಳುವವರಿಲ್ಲ. ಸಣ್ಣಪ್ಪನವರ ಮುಖ ಅರಳಿತು. ಗೋಡೆಗೆ ಡ್ರಾಯಿಂಗ್ ಶೀಟು ಅಂಟಿಸಿ ‘ಸಮಗ್ರ ಕೌಟುಂಬಿಕ ಡಿಜಿಟಲ್ ಕಡತ ನಿರ್ವಹಣಾ ಚೌಕಟ್ಟು’ ಎಂದು ಬರೆದರು. (ಹೆಸರು ಓದಿ ಮುಗಿಸುವಷ್ಟರಲ್ಲಿ ಸಾವಂತ್ರಮ್ಮ ಅರ್ಧ ಮೊರ ಅವರೆಕಾಯಿ ಸುಲಿದಿದ್ದರು.) ಹನ್ನೆರಡು ವರ್ಗ, ಒಂದೊಂದಕ್ಕೂ ಉಪವರ್ಗ.

“ಚನ್ನಗಿರಿ ನಾಮಕರಣದಾಗೆ ಮೇಕೆ ಹಾರ ತಿಂದ ವಿಡಿಯೊ ಎಲ್ಲಿಗೆ ಹಾಕ್ಲಿ? ಶುಭಕಾರ್ಯವೋ, ಜಾನುವಾರೋ?”

“ಎಲ್ಲಿಗಾದ್ರೂ ಹಾಕ್ರಿ. ಬೇಕಾದಾಗ ಸಿಕ್ರೆ ಸಾಕು.”

“ಸಿಗಾಕೇ ಅಲ್ವೇನೇ ಇದೆಲ್ಲ ಮಾಡಾದು!”

ಹದಿನೈದು ದಿನ ಫೋನು ಅವರ ಕೈ ಬಿಡಲಿಲ್ಲ. ಊಟದ ನಡುವೆ ಎದ್ದು ಹೋಗಿ ಶೀಟಿನ ಮೇಲೊಂದು ಬಾಣ ಎಳೆದು ಬರುತ್ತಿದ್ದರು. ಆಡಿಯೊ ಪೂರ್ತಿ ಕೇಳುವ ತಾಳ್ಮೆ ಎಲ್ಲಿಂದ ಬರಬೇಕು? ಎರಡು ಸೆಕೆಂಡು ಕೇಳಿ ತೀರ್ಪು ಕೊಟ್ಟುಬಿಡುತ್ತಿದ್ದರು.

ಹದಿನಾರನೆಯ ದಿನ ಸಾಸ್ವೆಹಳ್ಳಿಯಿಂದ ಅತ್ತೆ ಉಡಚಮ್ಮ ಬಂದರು, ಜೊತೆಗೆ ಮಹಿಳಾ ಸಂಘದ ನಾಲ್ವರು. ಸೋಬಾನೆ ಹಾಡಲು ಸುತ್ತೂರಿಗೆಲ್ಲ ಹೆಸರಾಗಿದ್ದ ಉಡಚಮ್ಮನವರಿಗೆ ಗಂಟಲು ಆಪರೇಷನ್ ಆದ ಮೇಲೆ ಪಿಸುದನಿಯಷ್ಟೇ ಉಳಿದಿತ್ತು. ಜಗಳೂರಿನಲ್ಲಿ ಮೊಮ್ಮಗಳ ಮದುವೆಗೆ ಹಾಡಿದ ಕೊನೆಯ ಸೋಬಾನೆ ಇದ್ದದ್ದು ಈ ಫೋನಿನಲ್ಲಿ ಮಾತ್ರ. ಅದನ್ನು ಕೇಳಿ ಕಲಿಯಲು ಸಂಘದವರು ಬಂದಿದ್ದರು.

“ಎಲ್ರಿಗೂ ಕಾಣ್ಲಿ” ಎಂದು ಸಣ್ಣಪ್ಪನವರು ಹೆಮ್ಮೆಯಿಂದ ಫೋನನ್ನು ಟಿವಿಗೆ ಜೋಡಿಸಿದರು. ‘ಹಾಡು’ ತೆರೆದರು; ಇಲ್ಲ. ‘ಮದುವೆ’, ಇಲ್ಲ. ‘ಜಗಳೂರು’, ಬರೀ ಕುರಿಗಳು. 

“ನಮ್ಮವ್ವನ ದನಿ ಅಳಿಸಿಬಿಟ್ರೇನ್ರೀ?” ಸಾವಂತ್ರಮ್ಮನ ಕಣ್ಣು ತುಂಬಿತು. ಫೋನು ಕಸಿದುಕೊಂಡು ಹುಡುಕುವ ಜಾಗದಲ್ಲಿ, ಗಂಡ ಕರೆಯುವಂತೆ, ‘ಅತ್ತೆ’ ಎಂದು ಬರೆದರು.

ಟಿವಿಯ ತುಂಬ ದಪ್ಪಕ್ಷರದಲ್ಲಿ ಮೂಡಿತು: ‘ವರ್ಗ ಒಂಬತ್ತು: ತಡೆಯಲಾಗದ ಸದ್ದುಗಳು. ಉಪವರ್ಗ: ಕೆಟ್ಟ ಮಿಕ್ಸಿ, ಅತ್ತೆ.’ (ಮಿಕ್ಸಿಯ ಗೊರಗೊರ ರಿಪೇರಿಯವನಿಗೆ ಕಳಿಸಲು ರೆಕಾರ್ಡ್ ಮಾಡಿದ್ದು.)

ಸಾವಂತ್ರಮ್ಮ ಗಂಡನ ಕಡೆ ಒಮ್ಮೆ ನೋಡಿ, ‘ಅತ್ತೆ’ಯನ್ನು ಒತ್ತಿದರು. “ಏ, ಸುಮ್ಕಿರ್ರೇ ಎಲ್ಲಾ!” ಎಂದು ಉಡಚಮ್ಮ ಗದರಿದ್ದೇ ಮೊದಲ ಎರಡು ಸೆಕೆಂಡು. ಆಮೇಲೆ ಹಾಡು, ತುಂಬು ದನಿ, ಮನೆ ತುಂಬುವಂಥದು. ಉಡಚಮ್ಮ ಕಣ್ಣು ಮುಚ್ಚಿ ತುಟಿ ಆಡಿಸಿದರು. ಸಂಘದವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಸಣ್ಣಪ್ಪನವರು ಇದೇ ಒಳ್ಳೆ ಸಮಯವೆಂದು ಮೆಲ್ಲಗೆ ಬಾಗಿಲ ಕಡೆ ಸರಿದರು.

“ಅಳಿಯಂದ್ರೇ,” ಉಡಚಮ್ಮ ಪಿಸುಗುಟ್ಟಿದರು, “ಆ ಮಿಕ್ಸಿದೂ ಒಂದ್ಸಲ ಹಾಕ್ರಿ. ಯಾರ್ದು ಚಲೋ ಐತೆ ನೋಡಾಣ.”

ಹಾಕಿದರು. ಅದು ಮಾತ್ರ ಒಂದೇ ಸಲಕ್ಕೆ ಸಿಕ್ಕಿತು.