ರಾಗಿ ಬಿತ್ತನೆಯ ಪಾಠಕ್ಕೆ ನನ್ನನ್ನು ಕರೆದ ಬಗ್ಗೆ

ಬಯಲಂಗಳ ಪ್ರೌಢಶಾಲೆಯ ಸಂಚಾಲಕಿ ಶಾಮಲಾ ಅವರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ತೂಬಗೆರೆ ಹೋಬಳಿಯ ಮಕ್ಕಳನ್ನು ಬೆಲ್ಲು, ಬೆತ್ತ, ರ‍್ಯಾಂಕುಗಳಿಂದ ಪಾರುಮಾಡಿ ಊರನ್ನೇ ಪಠ್ಯವಾಗಿಸಲು ಹೊರಟಿರುವ ತಮಗೆ, ಒಂಬತ್ತನೇ ತರಗತಿಯ ಮೋನಿಷಾಳ ತಂದೆ ಗೋವಿಂದರಾಜು ತಲೆಬಾಗಿ ಮಾಡುವ ನಮಸ್ಕಾರಗಳು. ಎಲ್ಲ ಪೋಷಕರೂ ಓದಲೆಂದು ಈ ದೂರನ್ನು ತಮ್ಮ ಗೇಟಿಗೇ ಅಂಟಿಸುತ್ತಿದ್ದೇನೆ. ಗೋಂದು ನನ್ನದೇ.

ಪ್ರವೇಶದ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ 'ಕೃಷಿಕ' ಎಂದು ಬರೆದದ್ದು ನಾನೇ. ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷದಿಂದ ಗುಣಮಟ್ಟ ಪರೀಕ್ಷಕನಾಗಿದ್ದರೂ, ತಮ್ಮಂಥವರಿಗೆ ಮಣ್ಣಿನ ಮಕ್ಕಳೆಂದರೆ ಪ್ರಾಣ ಎಂದು ಯಾರೋ ಕಿವಿಯೂದಿದ್ದರು. ಪಹಣಿಯಲ್ಲಿ ಹೆಸರಿದ್ದವರೆಲ್ಲ ರೈತರೇ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡೆ. ಅರ್ಜಿಯನ್ನು ಯಾವ ಶಾಲೆ ತಾನೇ ಓದುತ್ತದೆ? ತಾವು ಓದಿಬಿಟ್ಟಿರಿ! ಓದಿ, ಮಕ್ಕಳಿಗೆ ರಾಗಿ ಬಿತ್ತನೆ ಕಲಿಸಲು ನನ್ನನ್ನೇ ಕರೆದಿರಿ. ನನ್ನ ಮೂಲ ದೂರು ಇದೇ.

ಅಂದು ನಮ್ಮ ಹೊಲದಲ್ಲಿ ಎತ್ತು ಹೊಡೆದವರು ಪಕ್ಕದ ಹೊಲದ ಮುನಿರಾಮಯ್ಯನವರು. ಬಿತ್ತುವ ಕೂರಿಗೆಯ ತೂತಿನ ಬಟ್ಟಲಿಗೆ ಬೀಜ ಬಿಡುತ್ತ ಹಿಂದೆ ನಡೆದವನು ನಾನು. ನನ್ನ ಹಿಂದೆ ನೋಟ್‌ಬುಕ್ಕು ಹಿಡಿದ ಇಪ್ಪತ್ತೆರಡು ಮಕ್ಕಳು. ರಾಗಿಯ ನಡುವೆ ಅವರೆಯನ್ನು ಬೇರೆಯೇ ಸಾಲಿನಲ್ಲಿ ಬಿಡುತ್ತಾರೆಂಬುದು ಈ ಹೋಬಳಿಯ ಕೂಸಿಗೂ ಗೊತ್ತು. ನಾನು ಮನೆಯಲ್ಲೇ ಎರಡನ್ನೂ ಬೆರೆಸಿಕೊಂಡು ಬಂದಿದ್ದೆ. ಅವರೆಕಾಳು ಬಟ್ಟಲಿನ ತೂತುಗಳಿಗೆ ಬಿರಡೆಯಂತೆ ಕೂತಿತು. "ಏನಪ್ಪಾ ಗೋವಿಂದರಾಜು, ಬಟ್ಲು ಒಸಿ ನೋಡ್ಕಳಪ್ಪ" ಎಂದು ಮುನಿರಾಮಯ್ಯನವರು ಕೂಗಿದರೆ, "ಗೊತ್ತು ಬಿಡಣ್ಣ" ಎಂದೆ. ಹದಿನಾಲ್ಕು ಸಾಲು ಮುಗಿದರೂ ಬಟ್ಟಲು ತುಂಬಿಯೇ ಇತ್ತು. ಬೀಜವನ್ನು ಹೇಗೆ ಹಿತಮಿತವಾಗಿ ಬಳಸಬೇಕೆಂದು ಮಕ್ಕಳಿಗೆ ಐದು ನಿಮಿಷ ಭಾಷಣವನ್ನೂ ಬಿಗಿದೆ.

ಹತ್ತು ದಿನವಾದರೂ, ಮೊದಲ ಸಾಲಿನ ಆರಂಭದಲ್ಲಿ ಒಂದು ಹಿಡಿ ಮೊಳಕೆ ಬಿಟ್ಟರೆ ಹೊಲವೆಲ್ಲ ಬೋಳು. ನಾನು ಇರುವೆಗಳನ್ನು ಬೈದೆ, ಗುಬ್ಬಚ್ಚಿಗಳನ್ನು ಬೈದೆ. ಬೇರೆ ಶಾಲೆಯಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತಮ್ಮಲ್ಲೋ 'ಯಾಕಾಗಲಿಲ್ಲ ಸಭೆ' ಎಂಬ ಸೊಗಸಾದ ಪದ್ಧತಿಯಿದೆ: ಏನೇ ಕೆಟ್ಟರೂ ಮಕ್ಕಳು ಅಗೆದು ನೋಡಿ, ಕಾರಣ ಬರೆದು, ಪೋಷಕರೆಲ್ಲರ ಮುಂದೆ ಓದಬೇಕು. ಕಾರ್ಖಾನೆಯಲ್ಲಿ ದಿನಾ ಇಂಥದೇ ವರದಿ ಬರೆಸಿಕೊಂಡು "ನಿಜ ಬರೀರಪ್ಪ" ಎಂದು ಗದರುವ ಮಹಾನುಭಾವ ನಾನು. ಈ ಸಲ ಓದುವ ಸರದಿ ಮೋನಿಷಾಳದು. ಅವಳಿಗೆ ಎಲ್ಲವೂ ಗೊತ್ತು.

ದಯವಿಟ್ಟು ನನಗೆ ಸೊನ್ನೆ ಕೊಟ್ಟು, ಫೇಲು ಮಾಡಿ, ಮನೆಗೆ ಕಳಿಸಿ ಎಂದು ಬೇಡೋಣವೆಂದರೆ ತಮ್ಮಲ್ಲಿ ಅಂಕಗಳೇ ಇಲ್ಲ. ನನ್ನಂಥವನು ಎಲ್ಲಿ ಅಡಗಿಕೊಳ್ಳಬೇಕು ಮೇಡಂ? ಆದ್ದರಿಂದ ಸೋಮವಾರ ಮಗಳ ಟಿ.ಸಿ. ಕೋರಿ ಅರ್ಜಿ ಕೊಟ್ಟೆ. ಕಾರಣ: 'ಮಗುವಿನ ಭವಿಷ್ಯದ ಹಿತದೃಷ್ಟಿಯಿಂದ.'

ಅಂದು ಸಂಜೆ ಮೋನಿಷಾ ಅಳಲಿಲ್ಲ, ರೇಗಲಿಲ್ಲ. ತನ್ನ ವರದಿಯನ್ನು ತಂದು ನನ್ನ ಮುಂದಿಟ್ಟಳು. ಕಾರಣ ಎಂಬಲ್ಲಿ, 'ರಾಗಿಗೆ ಅವರೆ ಬೆರೆಸಿದವಳು ನಾನು, ಅಪ್ಪನಿಗೆ ಗೊತ್ತಿರಲಿಲ್ಲ' ಎಂದು ದುಂಡಗೆ ಬರೆದಿತ್ತು. "ಹಿಂಗೇ ಓದ್ತೀನಿ ಅಪ್ಪ. ಸ್ಕೂಲ್ ಮಾತ್ರ ಬಿಡಿಸ್ಬೇಡ" ಎಂದಳು.

ನನಗೆ ನಾಚಿಕೆಯಾಯಿತು ಮೇಡಂ. ಎರಡು ವರ್ಷದಿಂದ ತಾವು ಕಲಿಸಿದ್ದನ್ನೆಲ್ಲ ಬದಿಗಿಟ್ಟು ಆ ಮಗು ಸುಳ್ಳು ಬರೆದದ್ದು ನನಗಾಗಿ. ಟಿ.ಸಿ. ಅರ್ಜಿಯನ್ನು ಹರಿದು ಹಾಕಿ. ಶನಿವಾರದ ಸಭೆಯಲ್ಲಿ ಅವಳ ಬದಲು ನಾನು ಓದುತ್ತೇನೆ. ಅವಳು ಮುಂದಿನ ಸಾಲಿನಲ್ಲಿ ಕೂತು ಕೇಳಲಿ.

ತಮ್ಮ ವಿಶ್ವಾಸಿ,
ಗೋವಿಂದರಾಜು

ತಾ.ಕ.: ಮುಂದಿನ ತಿಂಗಳು ಮಕ್ಕಳಿಗೆ ಹಾಲು ಕರೆಯುವುದನ್ನು ಕಲಿಸಲು ಒಪ್ಪಿಕೊಂಡಿರುವ ಪೋಷಕ ಸುನಿಲ್‌ಕುಮಾರ್ ನನ್ನ ಜೊತೆಯಲ್ಲೇ ಕಾರ್ಖಾನೆಯ ಬಸ್ಸು ಹತ್ತುವವರು. ಹಸುವಿಗೆ ಒಂದು ಮಾತು ಮೊದಲೇ ತಿಳಿಸಿಡುವುದು ಒಳ್ಳೆಯದು.